ನಲವತ್ತಮೂರು ಹೊಲಿಗಿ

ಖೋಬರಿನ ಓಣಿಯೊಳಗ ನನ್ನ ಅಂಗಡಿ ಅಂದ್ರ
ಎರಡು ಗ್ವಾಡಿ ನಡುವಿನ ಸಂದಿ,
ಮ್ಯಾಲ ಒಂದು ತಗಡು, ಕೆಳಗ ನನ್ನ ಅಡಿಗಲ್ಲು.
ಜುಮ್ಮಾ ನಮಾಜು ಮುಗಿದು ಅರ್ಧ ತಾಸಾಗಿತ್ತು.
ಎಣ್ಣಿ ಕ್ಯಾಂಪಿನ ಅಮೇರಿಕದವ ಒಬ್ಬ,
ವೆಂಡಲ್ ಕ್ರೌಸ್ ಅಂತ, ಬಾವಿ ಕೊರೆಯೋ ಗ್ಯಾಂಗಿನ ಮೇಸ್ತ್ರಿ,
ಚಾದರಿನ್ಯಾಗ ಸುತ್ತಿ ಏನೋ ತಂದ,
ಹಸುಗೂಸು ತಂದಾಂಗ.

ಬಿಚ್ಚಿದ್ರ, ತೊಗಲಿನ ಟೊಪ್ಪಿಗಿ.
ಕಿವಿಗೆ ಎರಡು ರೆಕ್ಕಿ, ಗದ್ದಕ್ಕ ಒಂದು ಪಟ್ಟಿ,
ನೆತ್ತಿ ಮ್ಯಾಲ ಬಾಯಿ ಬಿಟ್ಟ ಸೀಳು.
ಎತ್ತಿನ ಮಾರಿಗೆ ಕಟ್ಟೂದೇನ್ರಿ ಇದು, ಅಂದ್ನಿ.
ನಕ್ಕ. ಅಪ್ಪಂದು, ಅಂದ.

ಆಮ್ಯಾಲ ಸ್ಟೂಲು ಎಳಕೊಂಡು ಕುಂತ.
ಅರ್ಧ ಹಿಂದಿ, ಕಾಲು ಅರಬ್ಬಿ, ಉಳಿದದ್ದು ಕೈಸನ್ನಿ:
ಗಾಜು ಊದೋ ಕಾರ್ಖಾನಿ ಊರಂತ,
ಆರು ದಿನ ಕುಲುಮಿ, ಏಳನೇ ದಿನ ಆಟ.
ಚೆಂಡು ಗುಂಡಗಿಲ್ಲ, ಗಿಡ್ಡ ಹಾಗಲಕಾಯಿ ಹಾಂಗ ಎರಡೂ ತುದಿ ಚೂಪ.
ಒದಿಯೂದು ಕಡಿಮಿ, ಎದಿಗವಚಿ ಓಡೂದೇ ಭಾಳ.
ಮತ್ತ ಕಾಲ್ಚೆಂಡು ಅಂತ ಯಾಕ ಕರೀತಾರ, ಕೇಳಿದ್ನಿ.
ಅವಂಗೂ ಗೊತ್ತಿಲ್ಲ.

ಹೆಸರು ಹೇಳಾಕ ಎದ್ದು ನಿಂತ.
ಡಚ್ ಹೆಲ್ಮರ್, ಟೊಪ್ಪಿಗೀನ ಹಾಕ್ಕೋತಿರಲಿಲ್ಲ, ಕೂದಲಾ ಸಾಕು ಅಂತಿದ್ದ.
ಸ್ಟಾನ್ ಪಿವೊಂಕಾ, ಗಡಿಯಾರ ರಿಪೇರಿಯವ,
ಬೆರಳಿಗೆ ಪೆಟ್ಟಾದ್ರ ಅಂಗಡಿ ಬಂದ್, ಆದ್ರೂ ಆಡಾಂವ.
ಗಿಲ್ಲಿಸ್ ಅನ್ನಾಂವ ಇಪ್ಪತ್ತು ಡಾಲರ್ ಇಸಕೊಂಡು
ಮುಂದಿನ ವಾರ ಬ್ಯಾರೆ ಊರಿಗೆ, ಬ್ಯಾರೆ ಹೆಸರಿಲೆ ಆಡಿದ;
ಓಟದ ಚಾಲಿ ನೋಡಿ ಮುದುಕಿಯೊಬ್ಬಾಕಿ ಹಿಡಿದ್ಲು.
ಯಾರದರೆ ಹಲ್ಲು ಕೆಸರಾಗ ಬಿದ್ರ
ಎರಡೂ ಕಡಿಯವರು ಮೊಣಕಾಲೂರಿ ಹುಡುಕತಿದ್ರಂತ.
ಮೂರು ವರ್ಷಕ್ಕ ಸಂಘ ದಿವಾಳಿ.
ಗೋಲಿನ ಕಂಬ ಕಿತ್ತು ದನದ ಕೊಟ್ಟಿಗಿಗೆ ಹಾಕ್ಕೊಂಡ್ರು.
ಯಾವ ಪುಸ್ತಕದಾಗೂ ಇವರಿಲ್ಲ, ಅಂದ.
ಅಂದು, ಉಗುಳು ನುಂಗಿದ.

ನಾ ಕೇಳಾಕತ್ತಿದ್ನಿ ಖರೆ,
ಕಣ್ಣು ಮಾತ್ರ ಸೀಳಿನ ಬಾಜೂಕ.
ಅಲ್ಲೆ ಹಳೇ ರಿಪೇರಿ ಒಂದಿತ್ತು.
ಮೇಣದ ದಾರ, ಗೋಧಿಕಾಳಿನಷ್ಟು ಉದ್ದದ ಟಾಕಿ,
ಎಲ್ಲಾ ಎಡಕ್ಕ ವಾಲಿದ್ವು.
ಎಡಚ!
ಒಂಬತ್ತನೇದು ಬಿಚ್ಚಿ ಮತ್ತ ಹಾಕ್ಯಾನ,
ಹಳೇ ತೂತು ಹಾಂಗ ಉಳಿದೈತಿ.
ಅಥಣಿಯೊಳಗ ನಮ್ಮ ಸೋದರಮಾವ ಮಾಯಪ್ಪನೂ ಹಿಂಗ,
ಗಿರಾಕಿಗೆ ಕಾಣದ ತಪ್ಪಿಗೆ
ತಾಟಿನ ಮುಂದಿಂದ ಎದ್ದು ಬರತಿದ್ದ.

ಇದನ್ನ ಹೊಲಿದಾಂವ ಯಾರು, ಕೇಳಿದ್ನಿ.
ಕ್ರೌಸ್ ಬಾಯಿ ತೆರೆದ, ಮುಚ್ಚಿದ.
ಹನ್ನೊಂದು ಮಂದಿ ಹೆಸರು, ಅವರ ಹೆಂಡ್ರ ಹೆಸರು,
ಮೈದಾನಕ್ಕ ಬರತಿದ್ದ ಕುಂಟ ನಾಯಿ ಹೆಸರೂ ಬರತಿತ್ತು ಅವಂಗ.
ಇದೊಂದು ಬರಲಿಲ್ಲ.

ಹಳೇ ಹೊಲಿಗಿ ನಾ ಮುಟ್ಟಲಿಲ್ಲ.
ಅದರ ಮಗ್ಗಲಾಗ, ಬಲಕ್ಕ ವಾಲಿಸಿ, ನನ್ನದು ಹಾಕಿದ್ನಿ.
ಎರಡೂ ಕೂಡಿದಲ್ಲೆ ಗೋಧಿ ತೆನಿ ಮೂಡಿತು.
ಸಂಜೀಕ ಬಂದು, ಒಡಕ ಕನ್ನಡಿಯಾಗ, ತಲಿಗಿಟ್ಟು ನೋಡಿದ.
ಅಪ್ಪನ ತಲಿ ದೊಡ್ಡದಿತ್ತು, ಹುಬ್ಬಿನ ತನಕ ಇಳೀತು.
ಹತ್ತು ರಿಯಾಲ್ ಅಂದ್ನಿ, ಐವತ್ತು ಇಟ್ಟ,
ನಲವತ್ತು ಹೊಳ್ಳಿ ಕೊಟ್ನಿ.
ಬ್ಯಾಡ ಅನ್ನಲಿಲ್ಲ. ಶಾಣ್ಯಾ.

ಈಗ ಆ ಸಂದಿಯೊಳಗ ಮೊಬೈಲ್ ಅಂಗಡಿ.
ಇಲಿಯಾಸನ ಕಟಿಂಗ್ ಶಾಪಿನ ಟಿವಿಯಾಗ
ಒಮ್ಮೊಮ್ಮೆ ಆ ಆಟ ಬರತೈತಿ,
ಹೊಳಿಯೋ ಪ್ಲಾಸ್ಟಿಕ್ ತಲಿ, ಒಂದರೆ ಹೊಲಿಗಿ ಇಲ್ಲ.
ಅರ್ಧ ದಾಡಿ ಆದಮ್ಯಾಲೂ ಎದ್ದು ನೋಡತೀನಿ,
ಮತ್ತ ಕೂಡತೀನಿ.

ಕಡೀ ಆಟದಾಗ ಏಳು, ಆರು ಅಂದಿದ್ದ ಕ್ರೌಸ್.
ಯಾರದು ಏಳು, ಯಾರದು ಆರು, ಮರತೈತಿ.
ಎಡಚಂದು ಇಪ್ಪತ್ತನಾಕು.
ನಂದು ಹತ್ತೊಂಬತ್ತು.
ಒಂಬತ್ತನೇದನ್ನ ಒಂದಾ ಸಲ ಎಣಿಸೀನಿ.