ಹೆಪ್ಪು

ಯಂಜ್ಮಾ ಅಜ್ಜಿಯ ಉಣ್ಣೆಗುಡಾರದ ಬಾಗಿಲು ಗಿಡ್ಡ.
ತಲೆ ಬಗ್ಗಿಸಿ ಒಳಹೊಕ್ಕೆ. ಚೀಲದಲ್ಲಿ
ಹನ್ನೆರಡು ಕೊಳವೆ, ಹನ್ನೆರಡು ಕಾಗದದ ತೊಟ್ಟಿಲು,
ಮುಚ್ಚಳಕ್ಕೇ ಅಂಟಿದ ಪುಟಾಣಿ ಚಮಚ;
ಬಾಯಲ್ಲಿ, ಉಲಾನ್‌ಬಾತರಿನಿಂದ ಎಂಟು ಗಂಟೆ
ಜೀಪಿನಲ್ಲಿ ಉರುಹೊಡೆದು ತಂದ ಮರ್ಯಾದೆಯ ಮಾತು:
ಮಲದ ಮಾದರಿ.

ಹಾಗಂದರೆ?
ಹಾಗಂದರೆ ಅಜ್ಜೀ, ಎರಡಕ್ಕೆ ಹೋಗ್ತೀರಲ್ಲ, ಆಗ...
ಓ, ಹೇಲು! ಅಂದಳು, ಚಹಾಕ್ಕೆ ಉಪ್ಪು ಹಾಕುತ್ತ.
ಮೊಮ್ಮಗ ತೆಮೂಲೆನ್ ನೆಲಕ್ಕೆ ಬಿದ್ದು ನಕ್ಕ.

ಇಲ್ಲಿ ಅದೇನು ಸೆರಗಿನೊಳಗಿನ ಮಾತಲ್ಲ.
ಯಾಕಿನ ಸಗಣಿ ಒಣಗಿದರೆ ಒಲೆಗೆ,
ಕುರಿಹಿಕ್ಕೆ ತುಳಿತಕ್ಕೆ ಗಟ್ಟಿಯಾದರೆ ದೊಡ್ಡಿಯ ಗೋಡೆಗೆ,
ಕುದುರೆಲದ್ದಿ ಹೊಗೆಗೆ, ಸೊಳ್ಳೆ ಓಡಿಸಲು.
ಅರವತ್ತು ವರ್ಷ ಬೆನ್ನಿಗೆ ಬುಟ್ಟಿ ಕಟ್ಟಿ
ಈ ಹುಲ್ಲುಗಾವಲು ಬಾಚಿದವಳು ನಾನು;
ನಮ್ಮದನ್ನು ಕೇಳಿಕೊಂಡು ಬಂದವಳು ನೀನೇ ಮೊದಲು,
ನಾಯಿಯನ್ನು ಬಿಟ್ಟರೆ.

ಹೊಟ್ಟೆಯೊಳಗಿನ ಕೋಟಿ ಜೀವಗಳ ಕಥೆ
ನಾನಿನ್ನೂ ಶುರುಮಾಡಿರಲಿಲ್ಲ. ಆಕೆ ಎದ್ದು
ಚರ್ಮದ ಚೀಲದ ಬಾಯಿ ಬಿಚ್ಚಿ
ಕುದುರೆಹಾಲು ಕಡೆದಳು, ಹುಳಿವಾಸನೆ ಎದ್ದಿತು.
ಹೆಪ್ಪು ಅನ್ನು, ಅಷ್ಟೇ.
ಚಳಿಗಾಲವಿಡೀ ಒಂದು ಹಿಡಿ ಕಾಪಿಡುತ್ತೇವೆ,
ಕೆಟ್ಟರೆ ಪಕ್ಕದ ಗುಡಾರದಿಂದ ಕಡ ತರುತ್ತೇವೆ.
ಹೊರೊಂಗೊ ಅಂದರೆ ಹೆಪ್ಪು; ಹೊರೊಂಗೊ ಅಂದರೆ ಆಸ್ತಿ.
ನಗರದಲ್ಲಿ ಹುಟ್ಟಿದ ನನಗೆ
ಎರಡನೆಯದು ಮಾತ್ರ ಗೊತ್ತಿತ್ತು.

ಉಚ್ಚೆ ಬೆರೆಯಕೂಡದು, ಮಣ್ಣು ತಾಗಕೂಡದು,
ಮೂರು ಕಡೆಯಿಂದ ಮೂರು ಚಮಚ.
ಏಳು ಚಿತ್ರಗಳ ಹಾಳೆ ಚಾಚಿದೆ, ನಿಮ್ಮದು ಯಾವುದು?
ನಾಲ್ಕು, ಅಂದಳು ಬೆರಳಿಟ್ಟು.
ಹಬ್ಬದ ಮಾರನೇ ದಿನ ಆರು.

ಬೆಳಗ್ಗೆ ದಿಬ್ಬದ ಆಚೆಯಿಂದ ಬಂದಳು.
ತೋಳು ಕೆಳಗಿಳಿಸಿ, ಎರಡೂ ಕೈಯಲ್ಲಿ,
ಉಡುಗೊರೆ ಕೊಡುವವರ ಹಾಗೆ, ಕೊಳವೆ ನೀಡಿದಳು.
ಇನ್ನೂ ಬಿಸಿಯಿತ್ತು. ಕೈಗವಸಿನ ನನ್ನ ಕೈಗಳೂ
ತಾವಾಗಿ ಎರಡಾದವು.
ಹೆಸರು ಒರೆಸಿದೆ, ಎ-೦೪೧೭ ಎಂದು ಬರೆದೆ.
ನೈಟ್ರೋಜನ್ ಕ್ಯಾನಿನ ಮುಚ್ಚಳ ತೆಗೆದರೆ
ಚಹಾದಂತೆಯೇ ಹಬೆ, ಆದರೆ ಬೆರಳು ಮುರಿಯುವ ಚಳಿ.

ಜನವರಿ. ಪ್ರಯೋಗಾಲಯದಲ್ಲಿ ಕರೆಂಟು ಹೋಯಿತು.
ಫ್ರೀಜರು ಕೂಗತೊಡಗಿತು: ಮೈನಸ್ ಎಂಬತ್ತು,
ಎಪ್ಪತ್ತೆರಡು, ಅರವತ್ತೊಂದು.
ಕಿಟಕಿಯಾಚೆ ಮೈನಸ್ ಮೂವತ್ತನಾಲ್ಕು,
ನಮ್ಮ ಪಾಲಿಗೆ ಅದೂ ಸೆಕೆ.
ಜನರೇಟರಿನ ಡೀಸೆಲ್ ಹೆಪ್ಪುಗಟ್ಟಿ ಕೂತಿತ್ತು.
ಡ್ರೈವರ್ ಗಾನ್ಜೋರಿಗ್ ಜೀಪಿನಿಂದ
ಒಂದು ಮೂಟೆ ಒಣಸಗಣಿ ಇಳಿಸಿ,
ಎಂಜಿನ್ನಿನ ಹೊಟ್ಟೆಯಡಿ ಬೆಂಕಿ ಹಾಕಿದ.
ಸಗಣಿ ಉರಿಯಿತು, ಹೇಲು ಉಳಿಯಿತು.
ವರದಿಯಲ್ಲಿ ಬರೆದೆವು: ತಾಂತ್ರಿಕ ವ್ಯತ್ಯಯ.

ಏಪ್ರಿಲ್‌ನಲ್ಲಿ ಮಗಳು ಫೋನು ಮಾಡಿದಳು.
ಅಮ್ಮನಿಗೆ ನ್ಯುಮೋನಿಯಾ ಆಗಿತ್ತು,
ಎದೆ ಗುಣವಾಯಿತು; ಮಾತ್ರೆಗಳು ಹೊಟ್ಟೆಯನ್ನು
ಬಯಲು ಮಾಡಿಟ್ಟಿವೆ. ಏನೂ ನಿಲ್ಲುತ್ತಿಲ್ಲ.
ನಿಮ್ಮ ಹತ್ತಿರ ಅವಳ ಹೆಪ್ಪು ಇದೆಯಂತಲ್ಲ,
ಒಂದು ಚಮಚ ವಾಪಸು ಕಳಿಸಬೇಕಂತೆ.

ಹೇಗೆ ಹೇಳಲಿ. ಕೊಳವೆಯ ಆ ದ್ರವ
ಕೆಡದಂತೆ ಕಾಯುವುದು ಕೊಂದೇ.
ಯಾರ್ಯಾರು ಇದ್ದರು ಎಂದು ಓದಬಹುದು,
ಎಬ್ಬಿಸಲಾಗದು.
ಇಷ್ಟನ್ನು ಹೇಳಲು ತುಂಬ ಹೊತ್ತು ಹಿಡಿಯಿತು,
ಮಧ್ಯೆ ಎರಡು ಸಲ ಲೈನು ಕಡಿಯಿತು.

ಆಮೇಲೆ ದೂರದಿಂದ ಆಕೆಯ ಧ್ವನಿ, ಬಡಕಲಾಗಿ:
ಸತ್ತವರಿಗೆ ಅಷ್ಟೊಂದು ಚಳಿ ಯಾಕಂತೆ?
ಕೇಳು ಅವಳನ್ನು.
ಹಿಂದೆಯೇ ತೆಮೂಲೆನ್‌ನ ನಗು, ಆಕೆಯ ಕೆಮ್ಮು.

ಒಪ್ಪಿಗೆಪತ್ರದ ಹನ್ನೊಂದು ಪುಟ ತಿರುವಿದೆ.
ಹಿಂಪಡೆಯುವ ಹಕ್ಕು, ಪುಟ ಒಂಬತ್ತು:
ಮಾದರಿಯನ್ನು ನಾಶಪಡಿಸಲಾಗುವುದು.

ಮೇಯಲ್ಲಿ ದಾರಿ ತೆರೆಯುತ್ತದೆ.
ಈ ಸಲ ಮೊಮ್ಮಗನ ಸರದಿ, ಆರೋಗ್ಯವಂತ, ಒಂಬತ್ತು ವರ್ಷ.
ಚೀಲದಲ್ಲಿ ಹದಿಮೂರನೆಯ ಕೊಳವೆಯೊಂದಿದೆ,
ಯಾವ ದ್ರವವೂ ಇಲ್ಲದ್ದು.
ಮೇಲಿನವರನ್ನು ಇನ್ನೂ ಕೇಳಿಲ್ಲ.