ಇತರ ಮೂಲಗಳು

ಗದಗ ರೋಡಿನ ನನ್ನ ಅಂಗಡಿಗೆ
ಜುಲೈ ಕಡೇ ವಾರ ಬಂದಳು ಕಸ್ತೂರೆವ್ವ ಗುಂಜಾಳ.
ಸೀರೆ ಅಂಗಡಿಯ ಚೀಲದ ತುಂಬ ಕಾಗದ:
ಪಾಸಬುಕ್ಕು, ಪೆನ್ಶನ್ ಆರ್ಡರು,
ನಡುವೆ ಯಾಕೋ ಒಂದು ಎಕ್ಸರೇ.
"ಇದು ಬ್ಯಾಡ್ರಿ" ಅಂದೆ.
"ಇರ್ಲಿ, ಅದೂ ಅವರದ."

ಯಮನಪ್ಪ ರೈಲ್ವೆ ವರ್ಕಶಾಪಿನ ಫಿಟ್ಟರ್.
ಹತ್ತು ವರ್ಷ ಅವನ ರಿಟರ್ನ್ ತುಂಬಿದ್ದು ನಾನೇ.
ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ, ನಿಂತೇ ಓದಿಸುತ್ತಿದ್ದ.
ನಿವೃತ್ತನ ಪೆನ್ಶನ್ನೂ ಕಾನೂನಿನ ಲೆಕ್ಕದಲ್ಲಿ ಪಗಾರ.
"ನೋಡು, ಮನಿಯಾಗ ಕುಂತರೂ ನಾ ಇನ್ನೂ ಡ್ಯೂಟಿ ಮ್ಯಾಲ!"
ನಗುತ್ತಿದ್ದ, ಕಟ್ಟಬೇಕಾದ್ದು ಕಟ್ಟುತ್ತಿದ್ದ.

ರಿಟೈರಾದ ವರ್ಷ ಬಂದ ದೊಡ್ಡ ರೊಕ್ಕಕ್ಕೆ ಮಾತ್ರ
ಸರಕಾರ ಕೈ ಚಾಚಲಿಲ್ಲ.
ಗ್ರಾಚ್ಯುಯಿಟಿಗೆ ಇಲ್ಲ.
ಪೆನ್ಶನ್ನಿನ ಒಂದು ಪಾಲು ಮಾರಿ ತಂದ ಗಂಟಿಗೂ ಇಲ್ಲ.
ತಗೊಳ್ಳದೆ ಉಳಿಸಿದ ಮುನ್ನೂರು ದಿನದ ರಜೆ
ದುಡ್ಡಾಗಿ ಬಂತಲ್ಲ, ಅದಕ್ಕೂ ಇಲ್ಲ.

ಅವತ್ತು ಇದೇ ಬೆಂಚಿನ ಮೇಲೆ ಅವಳು ಬೆರಳು ಮಡಚಿದ್ದಳು:
ಲಕ್ಷ್ಮೇಶ್ವರದಾಗ ನನ್ನ ತಂಗಿ ಮದುವಿ, ಎರಡು ದಿನ.
ಮಗಳ ಕುಬಸ, ಒಂದು.
ನನ್ನ ಕಣ್ಣಿನ ಆಪರೇಶನ್ನು,
ಅರ್ಧಾ ದಿನಾನಾದ್ರೂ ಬಂದ್ರೇನು?
"ಅವಕ್ಕೆಲ್ಲ ಟ್ಯಾಕ್ಸ್ ಇಲ್ಲಂತ" ಎಂದ ಯಮನಪ್ಪ.
"ಅದನ್ನ ನಾ ಕಟ್ಟೀನಿ ಬಿಡ್ರಿ" ಎಂದಿದ್ದಳು.

ಈಗ ಅವನಿಲ್ಲ.
ಪೆನ್ಶನ್ನು ಕರಗಿ ಸಣ್ಣದಾಗಿ ಅವಳ ಹೆಸರಿಗೆ ಬಂದಿದೆ,
ಅದೇ ಬ್ಯಾಂಕು, ಅದೇ ತಾರೀಖು.
ನಾನು ಪಗಾರದ ಖಾನೆ ದಾಟಿ
ಕೆಳಗೆ,
ಇನ್ನೂ ಕೆಳಗೆ ಇಳಿದು
ಠೇವಣಿಯ ಬಡ್ಡಿಯ ಪಕ್ಕದಲ್ಲಿ ಅದನ್ನು ಕೂರಿಸಿದೆ.

"ಏನ ಬರದಿ?"
'ಇತರ ಮೂಲಗಳ ಆದಾಯ', ಓದಿದೆ.
"ಇತರ ಅಂದ್ರ?"
ಪಗಾರ ಅಲ್ಲದ್ದು, ಬಾಡಿಗೆ ಅಲ್ಲದ್ದು, ವ್ಯಾಪಾರ ಅಲ್ಲದ್ದು,
ಎಲ್ಲೂ ಸೇರದ್ದು.
ಅವಳು ಸೆರಗಿನಿಂದ ಕನ್ನಡಕ ಒರೆಸಿದಳು.
"ನದೀಮೂಲ ಋಷಿಮೂಲ ಕೇಳಬಾರದಂತಾರ.
ಇದರ ಮೂಲ ಕೇಳಿದ್ರ ನಾ ಹೇಳ್ತಿದ್ದೆ.
ಮೂವತ್ತಾರು ವರ್ಷ ಅಂಗಿ ಒಗದೀನಿ, ಗ್ರೀಸು ಹೋಗಿಲ್ಲ.
ಮತ್ತ ಯಾವದಪಾ ಇತರ?"

ನಾನು ಬಲ್ಲದ್ದು ಕಲಮು ಅಷ್ಟೇ:
ಕುಟುಂಬ ಪಿಂಚಣಿಗೆ ಪಗಾರದವರ ರಿಯಾಯಿತಿ ಸಿಗದು.
ಮೂರರಲ್ಲಿ ಒಂದು ಪಾಲು ಬಿಡುತ್ತಾರೆ,
ಇಲ್ಲವೇ ಕಾನೂನು ಗೆರೆ ಎಳೆದಷ್ಟು,
ಯಾವುದು ಕಡಿಮೆಯೋ ಅದು.

"ಯಾವುದು ಕಡಿಮಿನೋ ಅದು"
ಅವಳೂ ಒಮ್ಮೆ ಅಂದು ನೋಡಿದಳು,
ಸಾರಿನ ಉಪ್ಪು ನೋಡುವ ಹಾಗೆ.

ತೆರಿಗೆ ಸೊನ್ನೆ ಬಂತು.
ಬಡ್ಡಿಯಲ್ಲಿ ಬ್ಯಾಂಕು ಮುರಕೊಂಡದ್ದು ತಿರುಗಿ ಬರತೈತಿ,
ಮುಂದಿನ ಸಲ ಏಪ್ರಿಲ್‌ನಾಗ ಹದಿನೈದು ಎಚ್ ಕೊಡ್ರಿ, ಎಂದೆ.
"ಸೊನ್ನಿನಾ?
ಅವರಿದ್ದಾಗ ಕಟ್ತಿದ್ವಿ."
ದನಿಯಲ್ಲಿ ಏನೋ ಇಳಿದಿತ್ತು,
ಮನೆಗೆ ಬರುವ ಪತ್ರ ನಿಂತವರ ಹಾಗೆ.

"ಅವರ ಹೆಸರು ಎಲ್ಲೆ ಬಂತು ಇದರಾಗ?"
ಮೇಲಿಂದ ಕೆಳಗಿನವರೆಗೆ ಹುಡುಕಿದೆ.
ಅವಳ ಅಪ್ಪನ ಹೆಸರಿಗೆ ಜಾಗವಿತ್ತು,
ಸತ್ತು ಐವತ್ತು ವರ್ಷವಾದ ಆ ಹಂಪಪ್ಪನಿಗೆ.
ಯಮನಪ್ಪನನ್ನು ಫಾರ್ಮು ಕೇಳಲೇ ಇಲ್ಲ.

ನನ್ನ ಫೀ ಮುನ್ನೂರು.
ಸಂಚಿ ಬಿಚ್ಚಿ ಇನ್ನೂರು ಎಣಿಸಿಟ್ಟಳು.
"ಮೂರರಾಗ ಒಂದು ಪಾಲು ಬಿಟ್ಟೇನಿ."
ನಗಲಿಲ್ಲ.
ಎಕ್ಸರೇಯನ್ನು ಮಡಿಕೆ ಬೀಳದಂತೆ ಚೀಲಕ್ಕೆ ಇಳಿಸಿದಳು.

ವರ್ಕಶಾಪಿನ ಭೊಂಗಾ ಕೂಗಿತು.
"ಎರಡು ನಿಮಿಷ ಮುಂದೈತಿ" ಎಂದಳು,
ಮೆಟ್ಟಿಲು ಇಳಿಯುತ್ತ.