ನಾಲ್ಕು ಬಟ್ಟಲು

ಬೆಳಗಿನ ಐದೂವರೆಗೆ ಡೈರಿಯ ಷಟರ್ ಎತ್ತುತ್ತೇನೆ.
ಹತ್ತೊಂಬತ್ತು ವರ್ಷ, ಶ್ರೀನಿವಾಸಪುರದ ಈಚೆಯ ಈ ಊರಲ್ಲಿ
ಹಾಲು ಸುಳ್ಳು ಹೇಳುತ್ತದೋ ಇಲ್ಲವೋ ನೋಡುವುದೇ ನನ್ನ ಕೆಲಸ.
ಲ್ಯಾಕ್ಟೋಮೀಟರು ಮುಳುಗಿದಷ್ಟೂ
ಮುಖ ಮುಳುಗುವವರನ್ನು ಕಂಡಿದ್ದೇನೆ.
"ಏನಮ್ಮಾ ಸೊಣ್ಣಮ್ಮ, ರಾತ್ರಿ ನಿನ್ನ ಕ್ಯಾನಿನೊಳಗೆ ಮಾತ್ರ ಮಳೆ ಬಂತಾ?"
ಅಂದರೆ ಸೆರಗು ಬಾಯಿಗಿಟ್ಟು ನಗುತ್ತಾಳೆ. ಜಗಳವಿಲ್ಲ.

ಇನ್ನೊಂದು ಪರೀಕ್ಷೆ ಇದೆ, ತಿಂಗಳಿಗೊಮ್ಮೆ.
ಪ್ಲಾಸ್ಟಿಕ್ ಹಲಗೆ, ಅದರಲ್ಲಿ ನಾಲ್ಕು ಬಟ್ಟಲು,
ಮೊಲೆಗೊಂದು.
ಹಾಲಿಗೆ ನೇರಳೆ ದ್ರಾವಣ ಬೆರೆಸಿ
ಮೊರ ಆಡಿಸಿದ ಹಾಗೆ ಮೆಲ್ಲಗೆ ತಿರುಗಿಸಬೇಕು.
ಮೂರರಲ್ಲಿ ಹಾಲು ಹಾಲಾಗೇ ಉಳಿದು
ಒಂದರಲ್ಲಿ ಬೆಂಡೆಕಾಯಿಯ ಲೋಳೆಯಂತೆ ಎಳೆ ಬಂದರೆ
ಅಲ್ಲಿ ಬಿಳಿ ರಕ್ತಕಣ ಸೇರಿವೆ ಅಂತ ಅರ್ಥ.
ಕೆಚ್ಚಲು ಇನ್ನೂ ಬಾತಿಲ್ಲ, ಬಿಸಿಯಿಲ್ಲ, ಹಸು ಒದೆಯುವುದಿಲ್ಲ,
ಒಳಗೆ ಆಗಲೇ ಯಾರೋ ಕೂಗು ಹಾಕಿದ್ದಾರೆ,
ಮಂದಿ ಓಡಿ ಬಂದಿದ್ದಾರೆ.

ಇದನ್ನು ಊರಿಗೆಲ್ಲ ಹೇಳಿಕೊಟ್ಟವಳು ನಾನೇ.
ನನ್ನ ಎಡಗಡೆಯದು ಹುಣಸೆಬೀಜದಷ್ಟಾಗುವ ತನಕ
ನನಗೇ ಗೊತ್ತಾಗಲಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಕೋಲಾರದ ಬಸ್ಸು.
ಆಸ್ಪತ್ರೆಯಲ್ಲಿ ಶಬರೀನ್ ಅಂತ ಹುಡುಗಿ, ಮುಳಬಾಗಿಲಿನವಳು,
"ಮುಷ್ಟಿ ಕಟ್ಟಿ ಅಕ್ಕಾ" ಅನ್ನುತ್ತಾ ನರ ತಡಕುತ್ತಾಳೆ.
ಎಡಗೈಗೆ ಸೂಜಿ ಕೂಡದು. ಬಲಗೈ ಒಂದೇ ದುಡಿಯುತ್ತದೆ.
ಕೊಳವೆಯ ಮುಚ್ಚಳ ಅದೇ ನೇರಳೆ. ನಗು ಬಂತು.
ಯಾಕಕ್ಕಾ ಅಂದಳು.
"ಫ್ಯಾಟ್ ಎಷ್ಟು ಬರುತ್ತೆ, ನೋಡಿ ಹೇಳಮ್ಮ" ಅಂದೆ.

ಡಾಕ್ಟರ್ ಹೇಮಾವತಿ ಸಂಶೋಧನೆಗೂ ಒಂದು ಕೊಳವೆ ಕೇಳಿದರು.
ಮೈಯ ಕಾವಲು ಕಣಗಳು ಯಾವಾಗ ಎದ್ದವು, ಯಾವಾಗ ದಣಿದವು,
ಏನನ್ನು ಕಂಡು ಗುರುತಿಟ್ಟುಕೊಂಡವು,
ಅದೆಲ್ಲ ರಕ್ತದಲ್ಲಿ ಸಿಗಬಹುದಂತೆ, ಗಂಟಿಗಿಂತ ಮುಂಚೆ.
"ಸಿಗಬಹುದು" ಅಂದರು. "ಸಿಗುತ್ತದೆ" ಅನ್ನಲಿಲ್ಲ.
ಅಷ್ಟಕ್ಕೇ ಅವರನ್ನು ನಂಬಿದೆ.
ನೆಗಡಿಗೂ ಏರೀತು ಸಂಖ್ಯೆ, ಹಲ್ಲುನೋವಿಗೂ ಏರೀತು,
ಒಂದು ದಿನದ ಲೆಕ್ಕ ಲೆಕ್ಕವಲ್ಲ,
ಎದೆಯ ಫೋಟೋ ತೆಗೆಸುವುದು ಮಾತ್ರ ಬಿಡಬೇಡಿ ಅಂದರು.
ಗೊತ್ತು ಮೇಡಂ. ಹಸಿಹುಲ್ಲು ತಿಂದ ಹಸುವಿನ ಫ್ಯಾಟೂ ಇಳಿಯುತ್ತದೆ,
ತಕ್ಷಣ ಕಳ್ಳತನದ ಮಾತೆತ್ತುವುದಿಲ್ಲ ನಾವು.

ಮೇಜಿನ ಡ್ರಾಯರಿನಲ್ಲಿ ಯಾರೂ ಬಳಸದ ಪಾಸ್‌ಬುಕ್ಕು ಒಂದಿತ್ತು.
ಲೀಟರು, ಡಿಗ್ರಿ, ಫ್ಯಾಟು,
ಆ ಮನೆಗಳಲ್ಲೇ ನನ್ನ ರಕ್ತದ ಲೆಕ್ಕ ಬರೆಯುತ್ತೇನೆ.
ಸದಸ್ಯರ ಹೆಸರು: ಪಿಳ್ಳಮ್ಮ.
ಹಸು: ಒಂದು.

ಇವತ್ತು ಸಾಲು ಉದ್ದವಿತ್ತು.
ಫೋನು ಒಮ್ಮೆ ಗುಂಯ್ ಅಂತು. ರಿಪೋರ್ಟು.
ಕೈ ಒದ್ದೆಯಿದೆ ಅಂತ ನನಗೆ ನಾನೇ ಹೇಳಿಕೊಂಡೆ.
ಸೊಣ್ಣಮ್ಮ ಹಳೇ ಟಾನಿಕ್ಕಿನ ಬಾಟಲಿಗಳಲ್ಲಿ
ನಾಲ್ಕು ಮೊಲೆಯ ಹಾಲು ಬೇರೆ ಬೇರೆ ತಂದಿದ್ದಳು.
ಹಲಗೆ ತಿರುಗಿಸಿದೆ. ಮೂರನೆಯದು ಹಿಂದೆ ಉಳಿಯಿತು,
ದಪ್ಪಗಾಯಿತು.
"ಕೆಚ್ಚಲು ಹತ್ತಿಯ ಹಾಗೆ ಮೆತ್ತಗಿದೆಯಲ್ಲೇ, ಏನೂ ಇಲ್ಲ."
"ಮೆತ್ತಗೇ ಇರುತ್ತೆ," ಅಂದೆ, "ಇವತ್ತೇ ಡಾಕ್ಟರನ್ನು ಕರೆಸು."
ಅವಳು ಹಲಗೆ ನೋಡಿದಳು. ಆಮೇಲೆ
ನನ್ನ ರವಿಕೆಯ ಚಪ್ಪಟೆ ಕಡೆಯನ್ನು.
ಮತ್ತೆ ಹಲಗೆಯನ್ನು. ನಗಲಿಲ್ಲ.

ಬಟ್ಟಲು ತೊಳೆದಿಟ್ಟೆ. ಹಸುವಿಗೆ ನಾಲ್ಕು,
ನನಗೆ ಉಳಿದದ್ದು ಒಂದು.
ಪಾಸ್‌ಬುಕ್ಕು ತೆಗೆದು ತಾರೀಕು ಬರೆದೆ,
ಮುಂದಿನ ಮನೆ ಖಾಲಿ ಬಿಟ್ಟು
ಕೂಗಿದೆ: ಯಾರದಮ್ಮಾ ಆ ಕ್ಯಾನು, ಬೇಗ ಬನ್ನಿ.